ಹಳೇ ಆರ್ಕೇಡ್ ಮಾನಿಟರ್ ಕೈಕೊಟ್ಟಾಗ: ಮೊದಲು ನೋಡಿ, ಆಮೇಲೆ ಬಿಚ್ಚಿ

ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್, ಗ್ಯಾಲಗಾ ತರಹದ ಹಳೇ ಆರ್ಕೇಡ್ ಕ್ಯಾಬಿನೆಟ್, ಅಂದರೆ ಕಾಯಿನ್ ಹಾಕಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆ, ಕೊಂಡವರಿಗೆ ಇವತ್ತಲ್ಲ ನಾಳೆ ಮಾನಿಟರ್ ತೊಂದರೆ ಬಂದೇ ಬರುತ್ತದೆ. ನಲವತ್ತು ವರ್ಷ ದಾಟಿದ ಸಾಮಾನು, ಅದರಲ್ಲೂ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ದಿನವಿಡೀ ಉರಿದದ್ದು. ಆಗ ಬಹಳ ಜನ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದೋ ಕಂಡೆನ್ಸರ್ ಕಿಟ್ ತರಿಸಿ ಸಿಕ್ಕಿದ್ದೆಲ್ಲ ಬದಲಾಯಿಸುತ್ತಾರೆ, ಇಲ್ಲಾ ಪಿಕ್ಚರ್ ಟ್ಯೂಬನ್ನೇ ಕಿತ್ತು ಎಲ್‌ಸಿಡಿ ಕೂರಿಸುತ್ತಾರೆ. ಎರಡನೆಯದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಟ್ರಾನ್ಸಿಸ್ಟರ್ ಸಿಗುತ್ತದೆ, ಕಂಡೆನ್ಸರ್ ಸಿಗುತ್ತದೆ, ಎಷ್ಟೋ ಚಾಸಿಸ್‌ಗಳಿಗೆ (ಟ್ಯೂಬಿನ ಹಿಂದಿರುವ ಸರ್ಕ್ಯೂಟ್ ಭಾಗ) ಹೊಸ ಎಲ್‌ಓಟಿಯೂ (ಹೈ ವೋಲ್ಟೇಜ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್) ಸಿಗುತ್ತದೆ. ಆದರೆ ಅಂಥ ಟ್ಯೂಬನ್ನು ಈಗ ಯಾರೂ ಹೊಸದಾಗಿ ಮಾಡುತ್ತಿಲ್ಲ. ಆಟ ಬರೆದವರು ಬಣ್ಣ ಆರಿಸಿದ್ದು ಆ ಗಾಜಿನ ಮೇಲೆ ನೋಡಿಯೇ.

ಹಾಗಾಗಿ ಈ ಲೇಖನದ ಉದ್ದಕ್ಕೂ ಒಂದೇ ಹಟ: ಟ್ಯೂಬ್ ಉಳಿಯಬೇಕು. ಅದಕ್ಕೆ ದಾರಿ ಏನೆಂದರೆ, ಸೋಲ್ಡರ್ ಐರನ್ ಬಿಸಿ ಮಾಡುವ ಮೊದಲು ಪರದೆಯನ್ನು ಸರಿಯಾಗಿ ನೋಡುವುದು. ಯಾವ ಭಾಗ ಕೆಟ್ಟಿದೆ ಅಂತ ಮುಕ್ಕಾಲು ಪಾಲು ಪರದೆಯೇ ಹೇಳುತ್ತದೆ.

ಇಲ್ಲಿ ಹೇಳುವುದೆಲ್ಲ 1980ರ ಆಸುಪಾಸಿನ, ಅಮೆರಿಕದ ಕ್ಯಾಬಿನೆಟ್‌ಗಳಲ್ಲಿ ಬರುತ್ತಿದ್ದ 19 ಇಂಚಿನ ಬಣ್ಣದ ಮಾನಿಟರ್‌ಗಳ ಬಗ್ಗೆ. ಕೆನಡಾದ ಎಲೆಕ್ಟ್ರೋಹೋಮ್ ಕಂಪನಿಯ ಜಿ07, ಅಮೆರಿಕದ ವೆಲ್ಸ್-ಗಾರ್ಡ್‌ನರ್ ಕಂಪನಿಯ ಕೆ4600, ಕೆ4900, ಸ್ವಲ್ಪ ಆಮೇಲೆ ಬಂದ ಕೆ7000. ಮಿಡ್‌ವೇ ಕಂಪನಿ ಅಮೆರಿಕದಲ್ಲಿ ಮಾಡಿದ ಪ್ಯಾಕ್‌ಮ್ಯಾನ್ ಕ್ಯಾಬಿನೆಟ್ ತೆರೆದರೆ ಸಾಮಾನ್ಯವಾಗಿ ಜಿ07 ಅಥವಾ ಕೆ4600 ಇರುತ್ತದೆ. ಉದಾಹರಣೆಗೆ ಅದನ್ನೇ ಹಿಡಿದುಕೊಳ್ಳೋಣ.

ಜೀವ ಮೊದಲು

ಬಣ್ಣದ ಟ್ಯೂಬಿನ ಪಕ್ಕದಲ್ಲಿ ರಬ್ಬರ್ ಕಪ್ಪಿನ ಕೆಳಗೆ ಹೋಗುವ ದಪ್ಪ ಕೆಂಪು ವಯರ್ ಇದೆಯಲ್ಲ, ಅದರಲ್ಲಿ 20 ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ. ಪವರ್ ಆಫ್ ಮಾಡಿದ ಮೇಲೂ ಟ್ಯೂಬ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ನನಗೆ ಜಾಸ್ತಿ ಭಯ ಚಾಸಿಸ್ ಮೇಲಿನ ದೊಡ್ಡ ಫಿಲ್ಟರ್ ಕಂಡೆನ್ಸರ್ ಕಂಡರೆ. 120 ವೋಲ್ಟ್ ಎಸಿ ರೆಕ್ಟಿಫೈ ಆದಾಗ ಅಲ್ಲಿ ಸುಮಾರು 165 ವೋಲ್ಟ್ ಡಿಸಿ ನಿಂತಿರುತ್ತದೆ, ಹಿಡಿದರೆ ಬಿಡುವುದಿಲ್ಲ.

ಮಾನಿಟರ್ ಓಡುತ್ತಿರುವಾಗ ಏನಾದರೂ ಅಳೆಯಬೇಕಾದರೆ ಉಂಗುರ, ವಾಚು, ಕೈಬಳೆ ತೆಗೆದಿಡಿ. ಎಡಗೈ ಜೇಬಲ್ಲಿರಲಿ. ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ. ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಮಾತ್ರ ಈ ಕೆಲಸ ಮಾಡಿ, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಡಿಸ್ಚಾರ್ಜ್ ಮಾಡುವುದು ಹೀಗೆ. ಪ್ಲಗ್ ಗೋಡೆಯಿಂದ ಎಳೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು. ದಪ್ಪ ಪ್ಲಾಸ್ಟಿಕ್ ಹಿಡಿಯಿರುವ, ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಎರಡೂ ತುದಿಗೆ ಕ್ಲಿಪ್ ಇರುವ ವಯರಿನ ಒಂದು ತುದಿಯನ್ನು ಮಾನಿಟರಿನ ಲೋಹದ ಫ್ರೇಮಿಗೆ, ಇನ್ನೊಂದನ್ನು ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಸಿಗಿಸಿ. ಟ್ಯೂಬಿನ ಹಿಂಬದಿಯ ಕಪ್ಪು ಲೇಪಕ್ಕೆ ಒತ್ತಿಕೊಂಡು ಬರಿಮೈ ತಾಮ್ರದ ಹೆಣಿಗೆ ವಯರ್ ಇರುತ್ತದಲ್ಲ, ಫ್ರೇಮಿನ ಬದಲು ಅದಕ್ಕೆ ಸಿಗಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಒಂದೇ ಕೈಯಲ್ಲಿ ಹಿಡಿದು, ರಬ್ಬರ್ ಕಪ್ಪಿನ ಕೆಳಗೆ ನಿಧಾನವಾಗಿ ತೂರಿಸಿ, ಒಳಗಿನ ಲೋಹದ ಕ್ಲಿಪ್ ಮುಟ್ಟಿಸಿ. ಚಟ್ ಅನ್ನಬಹುದು, ಅನ್ನದೆಯೂ ಇರಬಹುದು. ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ, ಯಾಕೆಂದರೆ ಟ್ಯೂಬಿನಲ್ಲಿ ಸ್ವಲ್ಪ ಚಾರ್ಜ್ ತಾನಾಗಿ ಮತ್ತೆ ಸೇರಿಕೊಳ್ಳುತ್ತದೆ. ಕ್ಲಿಪ್ಪನ್ನು ಸರ್ಕ್ಯೂಟ್ ಬೋರ್ಡಿನ ಮೇಲೆ ಎಲ್ಲೋ ಸಿಗಿಸಬೇಡಿ, ಆ ಏಟಿಗೆ ಚೆನ್ನಾಗಿದ್ದ ಐಸಿ ಹೋಗುತ್ತದೆ. ಫಿಲ್ಟರ್ ಕಂಡೆನ್ಸರನ್ನು ಮೀಟರಿನಲ್ಲಿ ಬೇರೆಯಾಗಿಯೇ ನೋಡಿ. ವೋಲ್ಟೇಜ್ ಉಳಿದಿದ್ದರೆ ಕೆಲವು ಸಾವಿರ ಓಮಿನ, ದಪ್ಪ ವ್ಯಾಟೇಜಿನ ರೆಸಿಸ್ಟರ್ ಇಟ್ಟು ಇಳಿಸಿ.

ಟ್ಯೂಬಿನ ಕತ್ತು ತುಂಬಾ ತೆಳು ಗಾಜು. ಹಿಂದಿನ ಬೋರ್ಡನ್ನು ಅಲ್ಲಾಡಿಸಿ ಎಳೆಯಬೇಡಿ, ನೇರವಾಗಿ ಹಿಂದಕ್ಕೆ ಎಳೆಯಿರಿ. ಅಲ್ಲಿ ಸಣ್ಣ ಬಿರುಕು ಬಿಟ್ಟರೂ ಒಳಗೆ ಗಾಳಿ ಹೋಗಿ ಟ್ಯೂಬ್ ಮುಗಿಯಿತು.

230 ವೋಲ್ಟಿನ ಊರಲ್ಲಿರುವವರಿಗೆ

ಅಮೆರಿಕದಲ್ಲಿದ್ದು ಅಲ್ಲೇ ಕ್ಯಾಬಿನೆಟ್ ಇಟ್ಟುಕೊಂಡವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಸಾಮಾನಿನ ಜೊತೆ ಬೆಂಗಳೂರಿಗೋ ಮೈಸೂರಿಗೋ ತಂದವರು ಮಾತ್ರ ಗಮನ ಇಟ್ಟು ಓದಿ. ಈ ಮಾನಿಟರ್‌ಗಳಿಗೆ ಬೇಕಾದದ್ದು ಸುಮಾರು 120 ವೋಲ್ಟ್ ಎಸಿ, ಅದೂ ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ. ಕ್ಯಾಬಿನೆಟ್ ತಳದಲ್ಲಿ ಕೂತಿರುವ ಭಾರದ ಟ್ರಾನ್ಸ್‌ಫಾರ್ಮರ್ ಆ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಟೆಪ್‌ಡೌನ್ ಪೆಟ್ಟಿಗೆಗಳು ಆಟೋ ಟ್ರಾನ್ಸ್‌ಫಾರ್ಮರ್. ಅವು ವೋಲ್ಟೇಜ್ ಇಳಿಸುತ್ತವೆ ಅಷ್ಟೇ, ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಪೂರ್ತಿ ಕ್ಯಾಬಿನೆಟ್‌ಗೆ ಅದನ್ನು ಹಾಕಬಹುದು, ಒಳಗೆ ಐಸೊಲೇಷನ್ ಇದ್ದೇ ಇದೆ. ಆದರೆ ಮಾನಿಟರ್ ಮಾತ್ರ ಹೊರಗೆ ತೆಗೆದು ಮೇಜಿನ ಮೇಲಿಟ್ಟು ನೇರವಾಗಿ ಅದಕ್ಕೆ ಸಿಗಿಸಿದರೆ ಚಾಸಿಸ್ಸೇ ಶಾಕ್ ಹೊಡೆಯುತ್ತದೆ. ಅದಕ್ಕೆ ಗ್ರೌಂಡ್ ಆಗಿರುವ ಆಟದ ಬೋರ್ಡ್ ಸಿಗಿಸಿದರೆ ಬೋರ್ಡೂ ಸುಟ್ಟುಹೋಗುತ್ತದೆ. ಮೇಜಿನ ಮೇಲೆ ಕೆಲಸ ಮಾಡುವವರು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಲೇಬೇಕು.

ಡಾಂಕಿ ಕಾಂಗ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ನಿಂಟೆಂಡೊ ಆ ಕ್ಯಾಬಿನೆಟ್‌ಗಳಲ್ಲಿ ಹಾಕಿದ್ದು ಸ್ಯಾನ್ಯೋ 20ಇಝಡ್ ಮಾನಿಟರ್. ಅದು 100 ವೋಲ್ಟಿನದು, ವಿಡಿಯೊ ಸಿಗ್ನಲ್ ಕೂಡ ತಿರುಗುಮುರುಗು. ಅಲ್ಲಿಗೆ ಮಾಮೂಲಿ ಮಾನಿಟರ್ ಹಾಕಿದರೆ ಫೋಟೊ ನೆಗೆಟಿವ್ ತರಹ ಬಣ್ಣ ಬರುತ್ತದೆ. ಅದು ಕೆಟ್ಟಿದ್ದಲ್ಲ, ಮಧ್ಯೆ ಒಂದು ಇನ್ವರ್ಟರ್ ಬೋರ್ಡ್ ಬೇಕು ಅಷ್ಟೇ.

ಮೊದಲ ಹೆಜ್ಜೆ: ತೊಂದರೆ ಮಾನಿಟರಿನದೇನಾ?

ಕಾಯಿನ್ ಹಾಕಿ, ಸ್ಟಾರ್ಟ್ ಒತ್ತಿ. ಪರದೆ ಕಪ್ಪಿದ್ದರೂ ಆಟ ಶುರುವಾಗುವ ಸಂಗೀತ ಕೇಳಿಸಿತಾ? ಜಾಯ್‌ಸ್ಟಿಕ್ ಆಡಿಸಿದರೆ ಚುಕ್ಕೆ ತಿನ್ನುವ ಸದ್ದು ಬಂತಾ? ಹಾಗಿದ್ದರೆ ಆಟದ ಬೋರ್ಡ್ ಬದುಕಿದೆ. ಸದ್ದೂ ಇಲ್ಲ, ಮೇಲಿನ ಹೆಸರಿನ ಫಲಕದ (ಮಾರ್ಕೀ) ಲೈಟೂ ಇಲ್ಲ ಅಂದರೆ ಮಾನಿಟರ್ ಬಿಡಿ, ಪವರ್ ಕಡೆ ನೋಡಿ. ಹಿಂದಿನ ಬಾಗಿಲು ತೆಗೆದರೆ ಕರೆಂಟ್ ಕಡಿಯುವ ಸೇಫ್ಟಿ ಸ್ವಿಚ್ ಬಹಳ ಕ್ಯಾಬಿನೆಟ್‌ಗಳಲ್ಲಿ ಇರುತ್ತದೆ. ಬಾಗಿಲು ತೆರೆದಿಟ್ಟು ಪರೀಕ್ಷೆ ಮಾಡುವವರು ಇದನ್ನು ಮರೆತು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದರ ಗುಂಡಿಯನ್ನು ಹೊರಗೆ ಎಳೆದರೆ ಬಾಗಿಲು ತೆರೆದಿದ್ದರೂ ಆನ್ ಆಗಿ ನಿಲ್ಲುತ್ತದೆ.

ಪರದೆ ಮೇಲೆ ಚಿತ್ರ ಗಟ್ಟಿಯಾಗಿ ನಿಂತಿದೆ, ಆದರೆ ಅಕ್ಷರಗಳೆಲ್ಲ ಕಲಸಿಕೊಂಡು ಅರ್ಥವಿಲ್ಲದ ಚೂರುಗಳಾಗಿವೆ ಅಂದುಕೊಳ್ಳಿ. ಅದು ಮಾನಿಟರ್ ತೊಂದರೆ ಅಲ್ಲವೇ ಅಲ್ಲ. ಕೊಟ್ಟಿದ್ದನ್ನು ಮಾನಿಟರ್ ಸರಿಯಾಗಿ ತೋರಿಸುತ್ತಿದೆ. ಆಟದ ಬೋರ್ಡಿನ 5 ವೋಲ್ಟ್ ಅಳೆಯಿರಿ, ಎಡ್ಜ್ ಕನೆಕ್ಟರ್ ಒರೆಸಿ.

ಈಗ ಕೋಣೆಯ ದೀಪ ಆರಿಸಿ, ಹಿಂದಿನಿಂದ ಟ್ಯೂಬಿನ ಕತ್ತಿನೊಳಗೆ ಇಣುಕಿ. ಮೂರು ಸಣ್ಣ ಫಿಲಮೆಂಟ್‌ಗಳು ಮಂದ ಕಿತ್ತಳೆ ಬಣ್ಣದಲ್ಲಿ ಉರಿಯಬೇಕು. ಆನ್ ಮಾಡಿದ ಕ್ಷಣ ಪರದೆ ಹತ್ತಿರ ಮುಂಗೈ ಹಿಡಿದರೆ ರೋಮ ಎದ್ದುನಿಲ್ಲುವ ಹಾಗೆ ಚರಚರ ಅನ್ನಬೇಕು. ಕಿವಿ ಚುರುಕಾಗಿದ್ದವರಿಗೆ 15.7 ಕಿಲೋಹರ್ಟ್ಸ್‌ನ ಕೀರಲು ಸದ್ದೂ ಕೇಳುತ್ತದೆ, ಇಲ್ಲದಿದ್ದರೆ ಮನೆಯ ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ ಕೇಳಿ ನೋಡಿ. ಈ ಮಾನಿಟರ್‌ಗಳಲ್ಲಿ ಬಹುತೇಕ ಹೀಟರ್ ವೋಲ್ಟೇಜ್ ಬರುವುದೂ ಎಲ್‌ಓಟಿಯಿಂದಲೇ, ಅಂದರೆ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನಿಂದಲೇ. ಹಾಗಾಗಿ ಕತ್ತು ಉರಿಯುತ್ತಿಲ್ಲ ಅಂದ ಮಾತ್ರಕ್ಕೆ ಟ್ಯೂಬ್ ಹೋಯಿತು ಅಂತ ಗಾಬರಿಯಾಗಬೇಡಿ. ಹೆಚ್ಚಾಗಿ ಹಾರಿಜಾಂಟಲ್ ಭಾಗ, ಅಂದರೆ ಕಿರಣವನ್ನು ಅಡ್ಡಡ್ಡ ಓಡಿಸುವ ಮತ್ತು ಎಲ್‌ಓಟಿಯನ್ನು ನಡೆಸುವ ಭಾಗ, ನಿಂತಿರುತ್ತದೆ.

ಕತ್ತು ಉರಿಯುತ್ತಿದೆ, ಚರಚರವೂ ಇದೆ, ಪರದೆ ಮಾತ್ರ ಕಪ್ಪು ಅಂದರೆ ಎಲ್‌ಓಟಿ ಮೇಲಿನ ಸ್ಕ್ರೀನ್ ಅನ್ನುವ ತಿರುಪನ್ನು ಚೂರೇ ಚೂರು ಏರಿಸಿ. ಕೆಲವು ಚಾಸಿಸ್‌ಗಳಲ್ಲಿ ಇದು ಬೇರೆ ಕಡೆ ಇರುತ್ತದೆ. ಮೊದಲಿದ್ದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಕೊಂಡೇ ತಿರುಗಿಸಿ. ಬೂದು ಬೆಳಕು, ಅದರ ಮೇಲೆ ಓರೆ ಗೆರೆಗಳು ಕಂಡವಾ? ಹಾಗಾದರೆ ಮಾನಿಟರಿನ ಹೈ ವೋಲ್ಟೇಜ್, ಡಿಫ್ಲೆಕ್ಷನ್ ಎಲ್ಲ ಸರಿ ಇದೆ, ವಿಡಿಯೊ ಸಿಗ್ನಲ್ ಬರುತ್ತಿಲ್ಲ. ವಿಡಿಯೊ ಪ್ಲಗ್ ನೋಡಿ. ಜಾಮಾ ವಯರಿಂಗ್ (ಹಲವು ಕಂಪನಿಗಳ ಬೋರ್ಡ್‌ಗಳಿಗೆ ಒಂದೇ ಆದ ಪಿನ್ ಜೋಡಣೆ) ಇರುವ ಕ್ಯಾಬಿನೆಟ್ ಆದರೆ ಬೋರ್ಡಿನ ಎಡ್ಜ್ ಕನೆಕ್ಟರಿನಲ್ಲಿ 12ನೇ ಪಿನ್ ಕೆಂಪು, ಅದರ ಹಿಂಬದಿ ಹಸಿರು. 13 ನೀಲಿ, ಅದರ ಹಿಂಬದಿ ಸಿಂಕ್ (ಚಿತ್ರವನ್ನು ಜಾಗದಲ್ಲಿ ನಿಲ್ಲಿಸುವ ಸಿಗ್ನಲ್). 14 ವಿಡಿಯೊ ಗ್ರೌಂಡ್. ಪ್ಯಾಕ್‌ಮ್ಯಾನ್ ಜಾಮಾಗಿಂತ ಹಳೆಯದು, ಅದಕ್ಕೆ ಅದರದೇ ವಯರಿಂಗ್ ಇದೆ.

ಪೂರ್ತಿ ಸತ್ತ ಮಾನಿಟರ್

ಮಾನಿಟರ್ ಪವರ್ ಪ್ಲಗ್ಗಿನಲ್ಲಿ ಎಸಿ ಬರುತ್ತಿದೆಯಾ ಅಂತ ಮೊದಲು ಅಳೆಯಿರಿ. ಬರುತ್ತಿದ್ದರೆ ಚಾಸಿಸ್ ಮೇಲಿನ ಫ್ಯೂಸ್ ನೋಡಿ. ಕಣ್ಣಲ್ಲಿ ಅಲ್ಲ, ಹೊರಗೆ ತೆಗೆದು ಮೀಟರಿನಲ್ಲಿ. ಫ್ಯೂಸ್ ಹೋಗಿದ್ದರೆ ಅದರ ಗಾಜು ಏನು ಹೇಳುತ್ತದೆ ಗಮನಿಸಿ. ತಂತಿ ಸುಮ್ನೆ ಮಧ್ಯದಲ್ಲಿ ಕಡಿದಿದ್ದರೆ ವಯಸ್ಸಾಗಿ ಹೋಗಿರಬಹುದು. ಗಾಜಿನ ಒಳಗೆಲ್ಲ ಕಪ್ಪು-ಬೆಳ್ಳಿ ಮಸಿ ಹಿಡಿದಿದ್ದರೆ ಮುಂದೆ ಎಲ್ಲೋ ದೊಡ್ಡ ಶಾರ್ಟ್ ಇದೆ. ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಜಾಸ್ತಿ ಆಂಪಿಯರಿನದು ಹಾಕಿದರೆ ಫ್ಯೂಸ್ ಉಳಿದು ಬೇರೆಲ್ಲ ಹೋಗುತ್ತದೆ.

ಶಾರ್ಟ್ ಅಂದರೆ ಮೊದಲ ಅನುಮಾನ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಮೇಲೆ. ಪವರ್ ತೆಗೆದು, ಡಿಸ್ಚಾರ್ಜ್ ಮಾಡಿ, ಕಲೆಕ್ಟರ್-ಎಮಿಟರ್ ನಡುವೆ ಡಯೋಡ್ ಮೋಡಿನಲ್ಲಿ ಮೀಟರ್ ಇಡಿ. ಪ್ರೋಬ್ ಹೇಗೆ ತಿರುಗಿಸಿದರೂ ಸೊನ್ನೆ ತೋರಿಸಿದರೆ ಹೋಗಿದೆ. ಒಂದು ಕಡೆಗೆ ಮಾತ್ರ ಡಯೋಡ್ ತರಹ ತೋರಿಸಿದರೆ ಅದು ಒಳಗಿರುವ ಡ್ಯಾಂಪರ್ ಡಯೋಡ್ ಇರಬಹುದು. ಬೇಸ್-ಎಮಿಟರ್ ನಡುವೆ ಕೆಲವೇ ಓಮ್ ತೋರಿಸಿದರೂ ತಕ್ಷಣ ತೀರ್ಪು ಕೊಡಬೇಡಿ. ಟ್ರಾನ್ಸಿಸ್ಟರಿನ ಒಳಗೇ ರೆಸಿಸ್ಟರ್ ಇರುವ ನಂಬರುಗಳಿವೆ, ಬೋರ್ಡಿನಲ್ಲಿ ಡ್ರೈವರ್ ಟ್ರಾನ್ಸ್‌ಫಾರ್ಮರಿನ ಸುತ್ತು ಕೂಡ ಅದೇ ಎರಡು ಕಾಲಿಗೆ ಅಡ್ಡ ಇರುತ್ತದೆ. ಹೊರಗೆ ತೆಗೆದು, ಡೇಟಾಶೀಟ್ ನೋಡಿ ಹೇಳಿ.

ಟ್ರಾನ್ಸಿಸ್ಟರ್ ಸುಮ್ಮನೆ ಸಾಯುವುದು ಕಡಿಮೆ. ಅದನ್ನು ಕೊಂದದ್ದು ಯಾರು ಅಂತ ಹುಡುಕದೆ ಹೊಸದು ಹಾಕಿದರೆ ಒಂದೇ ಸೆಕೆಂಡಿನಲ್ಲಿ ಅದೂ ಹೋಗುತ್ತದೆ. ಹೆಚ್ಚಿನ ಸಲ ಎಲ್‌ಓಟಿ. ಅದರ ಮೈಮೇಲೆ ಬಿರುಕು, ಉಬ್ಬು, ಸುಟ್ಟ ಗುಳ್ಳೆ ಇದೆಯಾ ಅಂತ ಟಾರ್ಚ್ ಹಾಕಿ ಸುತ್ತಲೂ ನೋಡಿ.

ಇಲ್ಲಿ ನಮ್ಮೂರ ಟಿವಿ ಮೆಕಾನಿಕ್‌ಗಳ ಸೀರೀಸ್ ಬಲ್ಬ್ ಬಲು ದೊಡ್ಡ ಸಹಾಯ. ಅದು ಎರಡು ರೀತಿ ಕೆಲಸಕ್ಕೆ ಬರುತ್ತದೆ. ಒಂದು, ಹಳೇ ಫಿಲಮೆಂಟ್ ಬಲ್ಬನ್ನು, 60 ಅಥವಾ 100 ವ್ಯಾಟಿನದು, ಮಾನಿಟರಿಗೆ ಹೋಗುವ ಎಸಿ ದಾರಿಯಲ್ಲಿ ಸೀರೀಸ್ ಆಗಿ ಹಾಕುವುದು. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಫಳ್ ಅಂದು ಮಂಕಾದರೆ ಪರವಾಗಿಲ್ಲ, ಡಿಗಾಸ್ ಕಾಯಿಲೂ (ಟ್ಯೂಬಿಗೆ ಹಿಡಿದ ಕಾಂತತ್ವ ಕಳೆಯುವ ಸುರುಳಿ) ಕಂಡೆನ್ಸರೂ ಹಾಗೆ ಎಳೆಯುತ್ತವೆ. ಪೂರ್ತಿ ಬೆಳಕಲ್ಲಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ಆಫ್ ಮಾಡಿ. ಫ್ಯೂಸೂ ಉಳಿಯಿತು, ಹೊಸ ಟ್ರಾನ್ಸಿಸ್ಟರೂ ಉಳಿಯಿತು. ಎರಡು, ಆ ಟ್ರಾನ್ಸಿಸ್ಟರನ್ನು ಪೂರ್ತಿ ಹೊರಗೆ ತೆಗೆದು, ಬಿ ಪ್ಲಸ್ ಮತ್ತು ಗ್ರೌಂಡ್ ನಡುವೆ ಬಲ್ಬನ್ನು ಲೋಡ್ ಆಗಿ ಕೊಟ್ಟು ವೋಲ್ಟೇಜ್ ಅಳೆಯುವುದು. ಹೀಗೆ ಮಾಡಿದರೆ ಪವರ್ ಸಪ್ಲೈ ಭಾಗ ಒಂದು ಕಡೆ, ಎಲ್‌ಓಟಿ ಭಾಗ ಇನ್ನೊಂದು ಕಡೆ ಬೇರೆಯಾಗುತ್ತದೆ.

ಬಿ ಪ್ಲಸ್ ಅಂದರೆ ಮಾನಿಟರಿನ ಮುಖ್ಯ ಡಿಸಿ ವೋಲ್ಟೇಜ್. ಜಿ07ಗೆ 120, ಕೆ7000ಗೆ 123 ವೋಲ್ಟ್. ಕೆ7000ರ ರೆಗ್ಯುಲೇಟರ್ ಎಸ್‌ಟಿಆರ್30123, ಆ ನಂಬರಿನ ಕೊನೆಯ ಮೂರು ಅಂಕಿ ನೋಡಿದರೆ ವೋಲ್ಟೇಜ್ ನೆನಪಿಡುವುದು ಸುಲಭ. ಕಪ್ಪು ಪ್ರೋಬ್ ಮಾನಿಟರ್ ಬೋರ್ಡಿನ ಗ್ರೌಂಡಿಗೆ ಇರಲಿ. ಲೋಡಿನ ಮೇಲೆ 165ರ ಹತ್ತಿರ ಬಂದರೆ ರೆಗ್ಯುಲೇಟರ್ ಶಾರ್ಟ್ ಆಗಿ ಬಂದದ್ದನ್ನೆಲ್ಲ ಹಾಗೇ ಬಿಡುತ್ತಿದೆ. ಏನೂ ಬರದಿದ್ದರೆ ಹಿಂದಕ್ಕೆ ಹೋಗಿ, ಬ್ರಿಡ್ಜ್ ಡಯೋಡ್‌ಗಳು, ದಪ್ಪ ಸಿಮೆಂಟ್ ರೆಸಿಸ್ಟರ್ ನೋಡಿ.

ಒಂದು ಎಚ್ಚರಿಕೆ. ಹಾರಿಜಾಂಟಲ್ ಟ್ರಾನ್ಸಿಸ್ಟರಿನ ಕಲೆಕ್ಟರ್ ಹತ್ತಿರ 1600 ವೋಲ್ಟ್ ತರಹದ ರೇಟಿಂಗಿನ ಫಿಲ್ಮ್ ಕಂಡೆನ್ಸರ್ ಇರುತ್ತದೆ. ಅದರ ಕೆಪಾಸಿಟೆನ್ಸ್ ಕಡಿಮೆಯಾದರೆ, ಅಥವಾ ಅದು ಓಪನ್ ಆದರೆ, ಹೈ ವೋಲ್ಟೇಜ್ ಏರುತ್ತದೆ. ಜಾಸ್ತಿ ಏರಿದರೆ ಟ್ಯೂಬಿನಿಂದ ಎಕ್ಸ್-ರೇ ಕೂಡ ಜಾಸ್ತಿಯಾಗುತ್ತದೆ. ಅಲ್ಲಿಗೆ ಅದೇ ಕೆಪಾಸಿಟೆನ್ಸ್, ಅದೇ ರೇಟಿಂಗ್ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ. ಹಾಗೆಯೇ ಎಕ್ಸ್-ರೇ ತಡೆಯುವ ಶಟ್‌ಡೌನ್ ಸರ್ಕ್ಯೂಟನ್ನು ಕಡಿದು ಮಾನಿಟರ್ ಓಡಿಸಬೇಡಿ.

ಒಂದೇ ಗೆರೆ

ಚಿತ್ರವೆಲ್ಲ ಕುಗ್ಗಿ ಮಧ್ಯದಲ್ಲಿ ಒಂದು ಬೆಳ್ಳನೆಯ ಗೆರೆ ಮಾತ್ರ ಉಳಿದರೆ ತಕ್ಷಣ ಬ್ರೈಟ್‌ನೆಸ್ ಇಳಿಸಿ, ಇಲ್ಲಾ ಆಫ್ ಮಾಡಿ. ಇಡೀ ಪರದೆಗೆ ಹಂಚಿಹೋಗಬೇಕಾದ ಬೆಳಕು ಒಂದೇ ಜಾಗಕ್ಕೆ ಬೀಳುತ್ತಿದೆ, ಫಾಸ್ಫರ್ ಸುಟ್ಟು ಕಾಯಂ ಗುರುತಾಗುತ್ತದೆ.

ಮಲಗಿದ ಗೆರೆ ಅಂದರೆ ವರ್ಟಿಕಲ್ (ಕಿರಣವನ್ನು ಮೇಲೆ-ಕೆಳಗೆ ಓಡಿಸುವ ಭಾಗ) ಹೋಗಿದೆ, ನಿಂತ ಗೆರೆ ಅಂದರೆ ಹಾರಿಜಾಂಟಲ್ ಯೋಕ್ (ಕತ್ತಿನ ಸುತ್ತ ಇದ್ದು ಕಿರಣವನ್ನು ತಿರುಗಿಸುವ ಕಾಯಿಲ್) ದಾರಿ ಕಡಿದಿದೆ ಅಂತ ಎಲ್ಲ ಕಡೆ ಬರೆದಿರುತ್ತದೆ. ಪ್ಯಾಕ್‌ಮ್ಯಾನ್ ಮುಂದೆ ನಿಂತು ಇದನ್ನೇ ನಂಬಿದರೆ ದಾರಿ ತಪ್ಪುತ್ತೀರಿ. ಅದರ ಚಿತ್ರ 224 ಅಗಲ, 288 ಎತ್ತರ. ಅದಕ್ಕಾಗಿ ಮಾನಿಟರನ್ನೇ ಪಕ್ಕಕ್ಕೆ ತಿರುಗಿಸಿ ಕೂರಿಸಿರುತ್ತಾರೆ. ಡಾಂಕಿ ಕಾಂಗ್, ಗ್ಯಾಲಗಾ ಕೂಡ ಹಾಗೇ. ಇಂಥ ಕ್ಯಾಬಿನೆಟ್‌ನಲ್ಲಿ ಮೇಲಿಂದ ಕೆಳಗೆ ನಿಂತ ಗೆರೆ ಕಂಡರೆ ಹೋಗಿರುವುದು ವರ್ಟಿಕಲ್! ಯಾವಾಗಲೂ ಟ್ಯೂಬಿನ ಉದ್ದ ಬದಿ ಯಾವುದು ಅಂತ ನೋಡಿಕೊಂಡು ಲೆಕ್ಕ ಹಾಕಿ. ಗೆರೆ ಉದ್ದ ಬದಿಗೆ ಸಮನಾಗಿದ್ದರೆ ವರ್ಟಿಕಲ್.

ವರ್ಟಿಕಲ್ ಹೋದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅಥವಾ ವರ್ಟಿಕಲ್ ಐಸಿ, ಅದಕ್ಕೆ ವೋಲ್ಟೇಜ್ ಕೊಡುವ ರೆಸಿಸ್ಟರ್, ಸುತ್ತಲಿನ ಕಂಡೆನ್ಸರ್. ಆದರೆ ಇವುಗಳ ಹತ್ತಿರ ಹೋಗುವ ಮೊದಲು ಬೆಸುಗೆ ನೋಡಿ. ಯೋಕ್ ಪ್ಲಗ್ ಕೂರುವ ಪಿನ್‌ಗಳು, ಎಲ್‌ಓಟಿ ಕಾಲುಗಳು, ಬಿಸಿಯಾಗುವ ದಪ್ಪ ರೆಸಿಸ್ಟರ್‌ಗಳು, ವಿಡ್ತ್ ಕಾಯಿಲ್: ಇವೇ ಡ್ರೈ ಸೋಲ್ಡರ್ ಆಗುವ, ಅಂದರೆ ಬೆಸುಗೆ ಬಿಟ್ಟು ಸಂಪರ್ಕ ತಪ್ಪುವ ಜಾಗಗಳು. ಭೂತಗನ್ನಡಿ ಹಿಡಿದು ಬೋರ್ಡನ್ನು ಬೆಳಕಿಗೆ ಓರೆಯಾಗಿ ತಿರುಗಿಸಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ನೇರವಾಗಿ ನೋಡಿದರೆ ಬೆಸುಗೆ ಹೊಳೆಯುತ್ತಾ ಚೆನ್ನಾಗೇ ಇರುತ್ತದೆ, ಓರೆ ಬೆಳಕಿಗೆ ಮಾತ್ರ ಆ ಉಂಗುರ ಸಿಗುವುದು. ಹಳೇ ಸೋಲ್ಡರ್ ಎಳೆದು ತೆಗೆದು ಹೊಸದು ಹಾಕಿ. ಮೇಲಿಂದ ಬರೀ ಬಿಸಿ ತಾಗಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಬಿಡುತ್ತದೆ. ಕೆ4600ರಲ್ಲಿ ಮುಖ್ಯ ಬೋರ್ಡಿಗೆ ಸಣ್ಣ ಬೋರ್ಡ್‌ಗಳು ಸಿಕ್ಕಿಕೊಂಡಿರುತ್ತವೆ, ಆ ಪಿನ್‌ಗಳೂ ಇದೇ ಕಾಟ ಕೊಡುತ್ತವೆ.

ಬಣ್ಣ ತಪ್ಪಿದಾಗ

ಪ್ಯಾಕ್‌ಮ್ಯಾನ್ ಪರದೆ ಬಣ್ಣ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ಜಟಿಲ ದಾರಿಯ ಗೋಡೆಗಳು ನೀಲಿ, ಪ್ಯಾಕ್‌ಮ್ಯಾನ್ ಹಳದಿ, ಅವನನ್ನು ಅಟ್ಟುವ ಭೂತಗಳಲ್ಲಿ ಬ್ಲಿಂಕಿ ಕೆಂಪು, ಇಂಕಿ ತಿಳಿನೀಲಿ. ಟ್ಯೂಬಿಗೆ ಗೊತ್ತಿರುವುದು ಕೆಂಪು, ಹಸಿರು, ನೀಲಿ ಮೂರೇ. ಕೆಂಪು ಹೋದರೆ ಪ್ಯಾಕ್‌ಮ್ಯಾನ್ ಹಸಿರಾಗುತ್ತಾನೆ, ಬ್ಲಿಂಕಿಯ ಕಣ್ಣು ಮಾತ್ರ ಓಡಾಡುತ್ತವೆ. ಹಸಿರು ಹೋದರೆ ಪ್ಯಾಕ್‌ಮ್ಯಾನ್ ಕೆಂಪು, ಇಂಕಿ ನೀಲಿ. ನೀಲಿ ಹೋದರೆ ಗೋಡೆಗಳೇ ಮಾಯ, ಬಿಳಿ ಅಕ್ಷರ ಹಳದಿ, ಪ್ಯಾಕ್‌ಮ್ಯಾನ್ ಮಾತ್ರ ಏನೂ ಆಗದವನಂತೆ ಹಳದಿಯಾಗೇ ಇರುತ್ತಾನೆ.

ಯಾವ ಬಣ್ಣ ಅಂತ ತಿಳಿದ ಮೇಲೆ ಪವರ್ ಆಫ್ ಮಾಡಿ, ವಿಡಿಯೊ ಪ್ಲಗ್ಗಿನಲ್ಲಿ ಆ ಬಣ್ಣದ ವಯರನ್ನೂ ಚೆನ್ನಾಗಿರುವ ಇನ್ನೊಂದು ಬಣ್ಣದ ವಯರನ್ನೂ ಅದಲುಬದಲು ಮಾಡಿ. ಉದಾಹರಣೆಗೆ ಕೆಂಪು ಇಲ್ಲ, ಹಸಿರು ಇದೆ. ಎರಡನ್ನೂ ಬದಲಿಸಿದ ಮೇಲೆ ಕೆಂಪು ಬಂದು ಹಸಿರು ಹೋದರೆ ಮಾನಿಟರ್ ಸರಿ ಇದೆ, ತೊಂದರೆ ವಯರಿನಲ್ಲೋ ಆಟದ ಬೋರ್ಡಿನಲ್ಲೋ ಇದೆ. ಈಗಲೂ ಕೆಂಪೇ ಇಲ್ಲ ಅಂದರೆ ಮಾನಿಟರಿನಲ್ಲಿ. ಖರ್ಚಿಲ್ಲದ, ಸಂಶಯ ಉಳಿಸದ ಪರೀಕ್ಷೆ ಇದು. ಇದನ್ನು ಮಾಡದೆ ಯಾರೂ ಟ್ಯೂಬಿನ ಕತ್ತಿನ ಬೋರ್ಡಿಗೆ (ನೆಕ್ ಬೋರ್ಡ್) ಕೈ ಹಾಕಬಾರದು.

ಮಾನಿಟರಿನಲ್ಲೇ ಅಂತಾದರೆ ಟ್ಯೂಬಿನ ಕತ್ತಿಗೆ ಸಿಕ್ಕಿಸಿರುವ ಸಣ್ಣ ಬೋರ್ಡ್ ನೋಡಿ. ಟ್ಯೂಬ್ ಸಾಕೆಟ್ಟಿನ ಬೆಸುಗೆ, ಪ್ರತಿ ಬಣ್ಣಕ್ಕೊಂದರಂತೆ ಇರುವ ಔಟ್‌ಪುಟ್ ಟ್ರಾನ್ಸಿಸ್ಟರ್, ಡ್ರೈವ್ ಮತ್ತು ಕಟ್ಆಫ್ ಪಾಟ್‌ಗಳು (ಬಣ್ಣ ಹೊಂದಿಸುವ ಸಣ್ಣ ತಿರುಪುಗಳು). ಮಾನಿಟರ್ ಓಡುತ್ತಿರುವಾಗ ಒಣಗಿದ ಮರದ ಕಡ್ಡಿಯಿಂದ ಬೋರ್ಡನ್ನು ಮೆಲ್ಲಗೆ ಒತ್ತಿ; ಬಣ್ಣ ಬಂದು ಹೋದರೆ ಡ್ರೈ ಸೋಲ್ಡರ್. ಇಡೀ ಪರದೆ ಒಂದೇ ಬಣ್ಣದಲ್ಲಿ ಕಣ್ಣು ಕುಕ್ಕುವಂತೆ ಬೆಳಗಿ ಓರೆ ಗೆರೆ ಕಂಡರೆ ಆ ಬಣ್ಣದ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಅಥವಾ ಟ್ಯೂಬಿನೊಳಗೇ ಶಾರ್ಟ್ ಇರಬಹುದು. ಬಿಳಿಯಾಗಿ ಬೆಳಗಿದರೆ ನೆಕ್ ಬೋರ್ಡಿಗೆ ಬರಬೇಕಾದ ವೋಲ್ಟೇಜ್ ನಿಂತಿದೆಯಾ ನೋಡಿ.

ಬಣ್ಣ ಇದೆ, ಆದರೆ ಮೂಲೆಗಳಲ್ಲಿ ಹಸಿರು-ನೇರಳೆ ಕಲೆಗಳಿವೆ ಅನ್ನುವುದು ಬೇರೆ ಕಥೆ. ಕ್ಯಾಬಿನೆಟ್ ಸಾಗಿಸಿದ ಮೇಲೆ, ಅಥವಾ ಸ್ಪೀಕರ್ ಮ್ಯಾಗ್ನೆಟ್ ಹತ್ತಿರ ಬಂದಾಗ ಹೀಗಾಗುತ್ತದೆ. ಕೈಯಲ್ಲಿ ಹಿಡಿಯುವ ಡಿಗಾಸ್ ಕಾಯಿಲನ್ನು ಪರದೆ ಮುಂದೆ ಸುತ್ತಿಸುತ್ತಾ ನಿಧಾನವಾಗಿ ಎರಡು ಮೀಟರ್ ಹಿಂದೆ ಬಂದು ಆಮೇಲೆ ಆಫ್ ಮಾಡಿ. ಹತ್ತಿರದಲ್ಲೇ ಆಫ್ ಮಾಡಿದರೆ ಕಲೆ ಇನ್ನೂ ಜಾಸ್ತಿಯಾಗುತ್ತದೆ. ಕತ್ತಿನ ಮೇಲಿರುವ, ಮೂರು ಬಣ್ಣಗಳನ್ನು ಒಂದೇ ಕಡೆ ಸೇರಿಸುವ ಕನ್ವರ್ಜೆನ್ಸ್ ಉಂಗುರಗಳನ್ನು ಇದಕ್ಕಾಗಿ ತಿರುಗಿಸಲು ಹೋಗಬೇಡಿ.

ಓಡುವ ಚಿತ್ರ, ನಡುಗುವ ಚಿತ್ರ, ಕುಗ್ಗುವ ಚಿತ್ರ

ಚಿತ್ರ ಉರುಳುತ್ತಿದ್ದರೆ ಅಥವಾ ಓರೆ ಪಟ್ಟಿಗಳಾಗಿ ಹರಿದುಹೋಗುತ್ತಿದ್ದರೆ ಹೋಲ್ಡ್ ಪಾಟ್ ತಿರುಗಿಸಿ. ಒಂದು ಕ್ಷಣ ನಿಂತು ಮತ್ತೆ ಜಾರಿದರೆ ಸಿಂಕ್ ಬರುತ್ತಿಲ್ಲ. ಸಿಂಕ್ ವಯರ್ ಪರೀಕ್ಷಿಸಿ. ಹಳೇ ಮಾನಿಟರ್‌ಗಳಲ್ಲಿ ನೆಗೆಟಿವ್ ಸಿಂಕಿಗೂ ಪಾಸಿಟಿವ್ ಸಿಂಕಿಗೂ ಬೇರೆ ಬೇರೆ ಪಿನ್ ಇರುತ್ತವೆ. ಬೇರೆ ಆಟದ ಬೋರ್ಡ್ ಹಾಕಿದವರು ಮೊದಲು ನೋಡಬೇಕಾದದ್ದು ಇದನ್ನೇ.

ಚಿತ್ರದ ಅಂಚು ಹಾವಿನಂತೆ ಬಳುಕಿದರೆ ಫಿಲ್ಟರ್ ಕಂಡೆನ್ಸರ್ ಮುದಿಯಾಗಿದೆ. ಆಟದ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬರುತ್ತದೆ. ಅಮೆರಿಕದ ಕರೆಂಟೂ 60 ಹರ್ಟ್ಸ್ ಆದ್ದರಿಂದ ಅಲ್ಲಿ ಆ ಬಳುಕು ನಿಧಾನವಾಗಿ ತೆವಳುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಅದೇ ತೊಂದರೆ ವೇಗದ ನಡುಕವಾಗಿ ಕಾಣುತ್ತದೆ. ಆಟದ ವೇಗ ಮಾತ್ರ ಬದಲಾಗುವುದಿಲ್ಲ, ಅದನ್ನು ನಡೆಸುವುದು ಬೋರ್ಡಿನ ಮೇಲಿನ ಕ್ರಿಸ್ಟಲ್.

ಚಿತ್ರ ನಾಲ್ಕೂ ಕಡೆ ಕುಗ್ಗಿದರೆ ಬಿ ಪ್ಲಸ್ ಕಡಿಮೆ ಇದೆ. ಬೆಳಕಿನ ದೃಶ್ಯ ಬಂದಾಗ ಚಿತ್ರ ಉಬ್ಬಿ ಮಸುಕಾದರೆ ಹೈ ವೋಲ್ಟೇಜ್ ನಿಲ್ಲುತ್ತಿಲ್ಲ, ಎಲ್‌ಓಟಿ ಕಡೆ ನೋಡಿ. ಮೇಲ್ತುದಿ ಮಡಚಿಕೊಂಡರೆ, ಅಂದರೆ ಟ್ಯೂಬಿನ ಲೆಕ್ಕದ ಮೇಲ್ತುದಿ, ವರ್ಟಿಕಲ್ ಭಾಗದ ಕಂಡೆನ್ಸರ್.

ಇಂಥ ಲಕ್ಷಣಗಳಿಗೆ ಕಂಡೆನ್ಸರ್ ಕಿಟ್ ನಿಜಕ್ಕೂ ಮದ್ದು. ಕಿಟ್ ಸಿಗದಿದ್ದರೆ ಬೋರ್ಡ್ ನೋಡಿ ಪಟ್ಟಿ ಮಾಡಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಬಿಡಿಯಾಗಿ ತರಬಹುದು. 105 ಡಿಗ್ರಿಯದೇ ಕೇಳಿ. ವೋಲ್ಟೇಜ್ ರೇಟಿಂಗ್ ಮೊದಲಿನಷ್ಟೇ ಇರಲಿ, ಇಲ್ಲಾ ಒಂದು ಹೆಜ್ಜೆ ಜಾಸ್ತಿ. ಒಂದು ತೆಗೆದು ಒಂದು ಹಾಕಿ, ಎಲ್ಲವನ್ನೂ ಒಟ್ಟಿಗೆ ಕಿತ್ತು ಗುಡ್ಡೆ ಹಾಕಬೇಡಿ. ಪೋಲಾರಿಟಿ ಬೋರ್ಡಿನ ಗುರುತಿನ ಜೊತೆಗೆ ಹಳೇ ಕಂಡೆನ್ಸರನ್ನೂ ನೋಡಿ ಖಾತ್ರಿ ಮಾಡಿಕೊಳ್ಳಿ. ಪ್ಲಗ್‌ಗಳನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದಿಡಿ, ಕೆಲವು ಉಲ್ಟಾ ಹಾಕಿದರೂ ಕೂತುಬಿಡುತ್ತವೆ.

ಆಸ್ಟರಾಯ್ಡ್ಸ್, ಟೆಂಪೆಸ್ಟ್ ತರಹದ ವೆಕ್ಟರ್ ಆಟಗಳಿಗೆ ಮೇಲೆ ಹೇಳಿದ ಎಷ್ಟೋ ಮಾತು ಹೊಂದುವುದಿಲ್ಲ. ಅಲ್ಲಿ ಪರದೆ ತುಂಬಾ ಸಾಲುಗಳೇ ಇಲ್ಲ, ಕಿರಣ ನೇರವಾಗಿ ಗೆರೆ ಎಳೆಯುತ್ತದೆ. ಟೆಂಪೆಸ್ಟಿನ ವೆಲ್ಸ್-ಗಾರ್ಡ್‌ನರ್ 6100 ಮಾನಿಟರಿನಲ್ಲಿ ಸ್ಪಾಟ್ ಕಿಲ್ಲರ್ ಅನ್ನುವ ಕೆಂಪು ಎಲ್‌ಇಡಿ ಇದೆ. ಕಿರಣ ಅಲುಗಾಡದೆ ನಿಂತರೆ ಅದು ಹತ್ತಿ ಬೆಳಕನ್ನು ಕಡಿಯುತ್ತದೆ. ಅದು ಉರಿದರೆ ಮಾನಿಟರ್ ಕೆಟ್ಟಿದೆ ಅಂತಲೇ ಅಲ್ಲ, ಆಟದ ಬೋರ್ಡಿನಿಂದ ಸಿಗ್ನಲ್ ಬರದಿದ್ದರೂ ಉರಿಯುತ್ತದೆ. ಸ್ಪಾಟ್ ಕಿಲ್ಲರನ್ನು ಮಾತ್ರ ಎಂದೂ ಬೈಪಾಸ್ ಮಾಡಬೇಡಿ, ಟ್ಯೂಬಿನ ನಡುವೆ ತೂತು ಬಿದ್ದ ಹಾಗೆ ಸುಡುತ್ತದೆ.

ಚಿತ್ರ ಬಂದ ಮೇಲೆ

ಮೊದಲು ಬಿ ಪ್ಲಸ್ ಅಳೆದು ಸರಿಯಾದ ಅಂಕಿಗೆ ತನ್ನಿ. ಉಳಿದ ಹೊಂದಾಣಿಕೆಯೆಲ್ಲ ಅದರ ಮೇಲೆ ನಿಂತಿದೆ. ಅರ್ಧ ಗಂಟೆ ಬಿಸಿಯಾಗಲಿ. ಕಾಯಿನ್ ಡೋರ್ ಒಳಗಿನ ಟೆಸ್ಟ್ ಸ್ವಿಚ್‌ನಿಂದ ಬಹಳ ಆಟಗಳಲ್ಲಿ ಗ್ರಿಡ್ ಚಿತ್ರ ಬರುತ್ತದೆ, ಅದನ್ನಿಟ್ಟುಕೊಂಡು ಅಗಲ, ಎತ್ತರ, ಫೋಕಸ್ ಹೊಂದಿಸಿ. ಸ್ಕ್ರೀನ್ ತಿರುಪನ್ನು ಕಪ್ಪು ನಿಜವಾಗಿ ಕಪ್ಪಾಗುವವರೆಗೆ ಇಳಿಸಿ. ಬೆಳಕು ಜಾಸ್ತಿ ಇದ್ದರೆ ಚೆಂದ ಅನ್ನಿಸುತ್ತದೆ, ಆದರೆ ಹಳೇ ಪ್ಯಾಕ್‌ಮ್ಯಾನ್ ಟ್ಯೂಬ್‌ಗಳಲ್ಲಿ ಆಫ್ ಇದ್ದಾಗಲೂ ಕಾಣುವ ಗೋಡೆಗಳ ನೆರಳಿದೆಯಲ್ಲ, ಅದು ಬಂದಿದ್ದೇ ಹಾಗೆ. ಆ ಸುಟ್ಟ ಗುರುತಿಗೆ ಮದ್ದಿಲ್ಲ.

ಹಿಂದಿನ ಬಾಗಿಲು ಹಾಕುವ ಮೊದಲು ಎರಡು ಗಂಟೆ ನಿಮ್ಮ ಕಣ್ಣೆದುರೇ ಓಡಿಸಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಡಿಸ್ಚಾರ್ಜ್ ಮಾಡಿ, ಹೊಸದಾಗಿ ಹಾಕಿದ ಬೆಸುಗೆಗಳನ್ನೂ ಟ್ರಾನ್ಸಿಸ್ಟರ್ ಸ್ಕ್ರೂಗಳನ್ನೂ ಇನ್ನೊಮ್ಮೆ ನೋಡಿ. ಅಳೆದ ವೋಲ್ಟೇಜ್, ಬದಲಿಸಿದ ಭಾಗದ ನಂಬರ್, ತಾರೀಖು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೋಡೆಗೆ ಅಂಟಿಸಿ. ಸೇಫ್ಟಿ ಸ್ವಿಚ್ಚಿನ ಗುಂಡಿಯನ್ನು ಒಳಕ್ಕೆ ಒತ್ತಿ ಬಾಗಿಲು ಹಾಕಿ.